ಮನೆ ಬದಲಿಸಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟಿರುವರು. ಅವರ ಕಾಲದಲ್ಲಿ ಗೃಹಸ್ಥನು ಸಾಮಾನ್ಯವಾಗಿ ಹುಟ್ಟಿದ ಮನೆಯಲ್ಲಿಯೇ ಮುದುಕನಾಗುತ್ತಿದ್ದುದರಿಂದ ಮೂರನೆಯ ಪರೀಕ್ಷೆಯೊಂದನ್ನು ಸೇರಿಸುವ ಪ್ರಮೇಯವು ಬರಲಿಲ್ಲವೆಂದು ತೋರುತ್ತದೆ. ಈಗಲಾದರೋ ನಮ್ಮವರ ಮಕ್ಕಳಲ್ಲಿ ಅನೇಕರು ಅಮೆರಿಕದಲ್ಲಿ ಸಂಸಾರ ಹೂಡಿ, ಕೆಲಸವು ಕರೆದತ್ತ ಪಟ್ಟಣದಿಂದ ಪಟ್ಟಣಕ್ಕೆ ಹೋಗುತ್ತಿರುವರು. 2024ನೆಯ ಇಸವಿಯ ಬೇಸಗೆಯಲ್ಲಿ ನಮ್ಮ ಮಗನ ಸಂಸಾರವು ಶಿಕಾಗೊ ನಗರವನ್ನು ಬಿಟ್ಟು ಮಿನಿಯಾಪೊಲಿಸಿಗೆ ಹೋದಾಗ ನಾವು ಅವರೊಡನೆಯೇ ಇದ್ದೆವು. ಪೆಟ್ಟಿಗೆ ಹೊರುವ ವಯಸ್ಸು ನಮ್ಮದಲ್ಲವಾದುದರಿಂದ ಲೆಕ್ಕ ಬರೆಯುವ ಕೆಲಸವು ನಮ್ಮ ಪಾಲಿಗೆ ಬಂದಿತು. ಆ ಲೆಕ್ಕದ ಪುಸ್ತಕವು ಈಗಲೂ ನಮ್ಮ ಬಳಿಯಲ್ಲಿರುವುದು. ಇಂತಹ ಪ್ರಯಾಣವನ್ನು ಎದುರುನೋಡುತ್ತಿರುವವರಿಗೆ ಉಪಯೋಗವಾದೀತೆಂದು ಅದರ ಕೆಲವು ಪುಟಗಳನ್ನು ಇಲ್ಲಿ ಬಿಚ್ಚುತ್ತೇವೆ.

ಈ ಎರಡು ನಗರಗಳೂ ಆ ದೇಶದವರು ಮಧ್ಯಪಶ್ಚಿಮವೆಂದು ಕರೆಯುವ ಸೀಮೆಗೆ ಸೇರಿದುವು. ಶಿಕಾಗೊ ಇಲಿನಾಯ್ ಸಂಸ್ಥಾನದಲ್ಲಿ ಮಿಷಿಗನ್ ಸರೋವರದ ದಡದಲ್ಲಿದೆ; ಮಿನಿಯಾಪೊಲಿಸ್ ಮಿನೆಸೋಟ ಸಂಸ್ಥಾನದಲ್ಲಿ ಮಿಸಿಸಿಪಿ ನದಿಯ ತೀರದಲ್ಲಿದೆ. ನಡುವೆ ವಿಸ್ಕಾನ್ಸಿನ್ ಸಂಸ್ಥಾನವನ್ನು ದಾಟಬೇಕು. ದಾರಿ ಸುಮಾರು 400 ಮೈಲಿ. ಮೋಟಾರಿನಲ್ಲಿ ಆರೇಳು ಗಂಟೆಯ ಪಯಣ.

ಶಿಕಾಗೊದಲ್ಲಿ ಮಗನಿಗೆ ರಾತ್ರಿಯ ಪಾಳಿಯ ಕೆಲಸ. ಮೊಮ್ಮಗಳು ಶಾಲೆಗೆ ಹೊರಡುವಾಗ ತಂದೆ ಹಾಸಿಗೆ ಹಿಡಿಯುವನು. ಅವಳು ಮಲಗುವ ಹೊತ್ತಿಗೆ ಅವನು ಕೆಲಸಕ್ಕೆ ಹೊರಡುವನು. ಮಿನಿಯಾಪೊಲಿಸಿನಲ್ಲಿ ಹಗಲಿನ ಕೆಲಸವೊಂದು ದೊರೆಯಿತು; ಸಂಬಳವು ವರ್ಷಕ್ಕೆ 8,000 ಡಾಲರು ಹೆಚ್ಚು; ಸಾಗಾಣಿಕೆಯ ಬಾಬ್ತು 5,000 ಡಾಲರು ಸಹಾಯಧನ. ಮಗನು ಒಂದು ಚೀಟಿಯಲ್ಲಿ ಲೆಕ್ಕ ಬರೆದು ನಮ್ಮ ಮುಂದಿಟ್ಟನು. ಲಾರಿಗೆ 3,400, ದಾರಿಯ ಖರ್ಚಿಗೆ 150, ಒಟ್ಟು 3,550. ಸಹಾಯಧನದಲ್ಲಿ ಇದನ್ನು ಕಳೆದರೆ 1,450 ಡಾಲರು ಉಳಿತಾಯ. “ಅಪ್ಪಾ, ಮನೆ ಬದಲಿಸಿದರೆ ಲಾಭವೇ ಇದೆ” ಎಂದನು. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ನೋಡಿದ ನಮಗೆ, ಇಷ್ಟು ಚೊಕ್ಕಟವಾಗಿ ಬಂದ ಲೆಕ್ಕವನ್ನು ಕಂಡೊಡನೆ ಕೆಂಪು ಶಾಯಿಯ ನೆನಪಾಗುವುದು ರೂಢಿ.

ಯೋಗಕ್ಷೇಮವೆಂಬ ಮಾತನ್ನು ನಾವು ಕಾಗದಗಳಲ್ಲಿ ದಿನವೂ ಬರೆಯುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ. ಇರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮಗನ ಚೀಟಿಯಲ್ಲಿ ಯೋಗವೊಂದೇ ಇದ್ದಿತು.

ಮೊದಲನೆಯದಾಗಿ ಆ ಸಹಾಯಧನ. ಮನೆ ಸಾಗಿಸುವ ವೆಚ್ಚವನ್ನು ವರಮಾನದಿಂದ ಕಳೆದು ತೆರಿಗೆ ಕೊಡುವ ಅನುಕೂಲವು ಅಮೆರಿಕದಲ್ಲಿ ಹಿಂದೆ ಇದ್ದಿತು. 2017ರ ಶಾಸನವು 2018ರಿಂದ ಅದನ್ನು ನಿಲ್ಲಿಸಿತು. 2025ರ ಶಾಸನವು ಸೈನಿಕರೇ ಮೊದಲಾದ ಕೆಲವರನ್ನುಳಿದು ಮಿಕ್ಕವರಿಗೆ ಅದನ್ನು ಶಾಶ್ವತವಾಗಿ ತೆಗೆದುಹಾಕಿತು. ಆದುದರಿಂದ ಯಜಮಾನನು ಕೊಡುವ ಸಹಾಯಧನವೂ ಸಂಬಳದಂತೆಯೇ ತೆರಿಗೆಗೆ ಒಳಪಡುವುದು. 5,000 ಎಂದು ಕಾಗದದಲ್ಲಿ ಬರೆದಿದ್ದುದು ಕೈಗೆ ಬರುವಾಗ ಸುಮಾರು 3,200 ಆಗುವುದೆಂದು ಕಂಡುಬಂದಿತು. ಹೆಚ್ಚಿನ ಸಂಬಳದ ಗತಿಯೂ ಹೀಗೆಯೇ. ಇಲಿನಾಯ್ ಸಂಸ್ಥಾನದಲ್ಲಿ ವರಮಾನ ತೆರಿಗೆ ಎಲ್ಲರಿಗೂ ನೂರಕ್ಕೆ 4.95, ಮಿನೆಸೋಟದಲ್ಲಿ ವರಮಾನವು ಏರಿದಂತೆ 5.35ರಿಂದ 9.85ರವರೆಗೆ ಏರುತ್ತದೆ. ಬಟ್ಟೆಬರೆಗೆ ಅಲ್ಲಿ ಮಾರಾಟ ತೆರಿಗೆಯಿಲ್ಲವೆಂಬುದೊಂದು ಸಮಾಧಾನ.

ಎರಡನೆಯದು ಬಾಡಿಗೆ. ಹಳೆಯ ಮನೆಯ ಕರಾರು ಜುಲೈ ಕಡೆಯವರೆಗೆ ಇದ್ದು, ಹೊಸ ಕೆಲಸವು ಜುಲೈ ಮೊದಲಿಗೇ ಆರಂಭವಾಗಬೇಕಾಗಿತ್ತು. ಹಳೆಯ ಮನೆಗೆ ಒಂದು ತಿಂಗಳ ದಂಡದ ಬಾಡಿಗೆ 1,900. ಹೊಸ ಮನೆಗೆ ಮೊದಲ ತಿಂಗಳಿನದು 1,650, ಮುಂಗಡ ಮತ್ತೆ 1,650. ಗಾಡಿಯ ನೋಂದಣಿ, ಚಾಲನೆಯ ಲೈಸೆನ್ಸು ಇತ್ಯಾದಿಗೆ 400. ಅಡಿಗೆಮನೆಯನ್ನು ಹೊಸದಾಗಿ ತುಂಬಲು 350. ದಾರಿಗೆ 100 ಸಾಕೆಂದೆವು. ಇಷ್ಟನ್ನೂ ಬರೆದು, ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು, ಸ್ವಲ್ಪ ಹೆಮ್ಮೆಯಿಂದಲೇ ಮೇಜಿನ ಮೇಲಿಟ್ಟೆವು.

ಸೊಸೆಯು ಕೆಲಸದಿಂದ ಬಂದು ಅದನ್ನು ಎರಡು ಸಲ ಓದಿದಳು. “ಮಾವ, ಇದರಲ್ಲಿ ನನ್ನ ಸಂಬಳ ಎಲ್ಲಿದೆ?” ಎಂದು ಕೇಳಿದಳು.

ತಂದೆಗೂ ಮಗನಿಗೂ ಉತ್ತರ ತೋಚಲಿಲ್ಲ. ಅವಳು ದಂತವೈದ್ಯರೊಬ್ಬರ ಕಛೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ತಿಂಗಳಿಗೆ 2,400 ಡಾಲರು ಮನೆಗೆ ತರುತ್ತಿದ್ದಳು. ಊರು ಬಿಟ್ಟೊಡನೆ ಅದು ನಿಲ್ಲುವುದು. ಹೊಸ ಊರಿನಲ್ಲಿ ಕೆಲಸ ಸಿಕ್ಕಲು ಮೂರು ತಿಂಗಳೆಂದು ಇಟ್ಟುಕೊಂಡರೂ 7,200 ಡಾಲರು. ಲಾರಿಯ ಬೆಲೆಯನ್ನು ಮೂರು ಕಡೆ ವಿಚಾರಿಸಿದ್ದ ನಾವು, ಲಾರಿಯ ಎರಡರಷ್ಟಿದ್ದ ಈ ಬಾಬನ್ನು ಕಾಣದೆ ಹೋಗಿದ್ದೆವು. ಕೈಬಿಟ್ಟುಹೋಗುವ ಹಣವನ್ನು ಖರ್ಚೆಂದು ಎಣಿಸುವ ನಮಗೆ, ಕೈಗೆ ಬಾರದೆ ಹೋಗುವ ಹಣವು ಖರ್ಚೆಂದು ತೋರುವುದಿಲ್ಲ. ಅದರಲ್ಲಿಯೂ ಹೆಂಗಸರ ಸಂಪಾದನೆಯಾದರೆ ಅದು ಇದ್ದುದೇ ಮರೆತುಹೋಗುವುದು. ನಮ್ಮನ್ನೂ ಸೇರಿಸಿಯೇ ಈ ಮಾತನ್ನು ಹೇಳುತ್ತಿದ್ದೇವೆ.

ಲೆಕ್ಕವನ್ನು ಮತ್ತೆ ಬರೆದೆವು. ಲಾರಿಗೆ 3,740 (ಈ ಅಂಕೆಯ ಕಾರಣವನ್ನು ಮುಂದೆ ಹೇಳುತ್ತೇವೆ), ಹಳೆಯ ಬಾಡಿಗೆ 1,900, ಹೊಸ ಮನೆಗೆ 3,300, ಸೊಸೆಯ ಸಂಬಳ 7,200, ಉಳಿದ ಚಿಲ್ಲರೆ 850, ಒಟ್ಟು 16,990. ಸಹಾಯಧನದ 3,200 ಕಳೆದರೆ 13,790. ಅವರ ಉಳಿತಾಯದ ಹಣ 14,000. ಮಿಗುವುದು 210 ಡಾಲರು.

ಆ ರಾತ್ರಿ ಮಗನು ಈ ಕೆಲಸವೇ ಬೇಡವೆಂದನು. ಸೊಸೆಯು ಒಪ್ಪಲಿಲ್ಲ. ಮಗು ತಂದೆಯ ಮುಖವನ್ನು ಭಾನುವಾರ ಮಾತ್ರ ನೋಡುವ ಸ್ಥಿತಿಗೆ ಯಾವ ಕಲಮಿನಲ್ಲಿ ಎಷ್ಟು ಬರೆಯುತ್ತೀರಿ ಎಂದಳು. ಆದರೆ ಒಂದು ಕರಾರು ಹಾಕಿದಳು: ನಾಲ್ಕನೆಯ ತಿಂಗಳಿಗೂ ತನಗೆ ಕೆಲಸ ಸಿಕ್ಕದಿದ್ದರೆ ಯಾವ ಖರ್ಚನ್ನು ಬಿಡಬೇಕೆಂಬುದನ್ನು ಈಗಲೇ ಬರೆದಿಡತಕ್ಕದ್ದು. ಡಿಸೆಂಬರಿನಲ್ಲಿ ಧಾರವಾಡಕ್ಕೆ, ಅವಳ ತಾಯಿಯ ಮನೆಗೆ, ಹೋಗಬೇಕೆಂದಿದ್ದ ಪ್ರಯಾಣವನ್ನು ಅವಳೇ ತನ್ನ ಕೈಯಿಂದ ಬರೆದಳು.

ಇನ್ನು ಲಾರಿಯ ವಿಷಯ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅವರಿಗೆ ಸುಗ್ಗಿ. (ಹತ್ತೊಂಬತ್ತನೆಯ ಶತಮಾನದಲ್ಲಿ ಶಿಕಾಗೊದ ಬಾಡಿಗೆ ಕರಾರುಗಳು ಮೇ 1ಕ್ಕೆ ಮುಗಿಯುತ್ತಿದ್ದು, ಅಂದು ಬಹು ಜನ ಒಟ್ಟಿಗೆ ಮನೆ ಬದಲಿಸುತ್ತಿದ್ದರಂತೆ; ಅಂದು ಬಂಡಿಯವನು ಹೇಳಿದ್ದೇ ಬೆಲೆಯಾಗಿದ್ದಿರಬೇಕು.) ಒಂದು ಸಂಸ್ಥಾನದಿಂದ ಮತ್ತೊಂದಕ್ಕೆ ಮನೆಯ ಸಾಮಾನು ಸಾಗಿಸುವವರು ಫೆಡರಲ್ ಮೋಟಾರ್ ಕ್ಯಾರಿಯರ್ ಸೇಫ್ಟಿ ಅಡ್ಮಿನಿಸ್ಟ್ರೇಷನ್ ಎಂಬ ಕೇಂದ್ರ ಸರಕಾರದ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಸಂಖ್ಯೆಯನ್ನು ಪಡೆದಿರಬೇಕು; ಗಿರಾಕಿಯ ಹಕ್ಕುಗಳನ್ನು ತಿಳಿಸುವ ಪುಸ್ತಿಕೆಯನ್ನೂ ಕೊಡಬೇಕು. ಒಬ್ಬರು ಸಾಮಾನನ್ನು ನೋಡದೆಯೇ ಟೆಲಿಫೋನಿನಲ್ಲಿ 2,100 ಡಾಲರೆಂದು ಹೇಳಿ ಮುಂಗಡ ಕೇಳಿದರು. ಸೊಸೆಯು ಅವರ ಸಂಖ್ಯೆಯನ್ನು ಇಲಾಖೆಯ ಪಟ್ಟಿಯಲ್ಲಿ ಹುಡುಕಲಾಗಿ, ಅವರು ಸಾಗಿಸುವವರೇ ಅಲ್ಲ, ಬರಿಯ ದಲ್ಲಾಳಿಗಳೆಂದು ತಿಳಿಯಿತು. ಮನೆಗೆ ಬಂದು ಕೋಣೆ ಕೋಣೆಯನ್ನೂ ನೋಡಿ 4,000 ಪೌಂಡಿಗೆ 3,400 ಎಂದು ಬರೆದುಕೊಟ್ಟವರನ್ನು ಗೊತ್ತುಮಾಡಿದೆವು.

ಅಂದಾಜಿನಲ್ಲಿ ಎರಡು ಜಾತಿ. ಒಂದು ಕಟ್ಟುಳ್ಳ ಅಂದಾಜು. ಅದರಲ್ಲಿ ಬರೆದ ಸಾಮಾನಿಗೂ ಕೆಲಸಕ್ಕೂ ಬರೆದುದೇ ಬೆಲೆ. ಮತ್ತೊಂದು ಕಟ್ಟಿಲ್ಲದುದು, ತೂಕ ಹೆಚ್ಚಿದರೆ ಬೆಲೆಯೂ ಹೆಚ್ಚು. ಈ ಎರಡನೆಯದನ್ನು ಸಂಸ್ಕೃತದಲ್ಲಿ ಅಬದ್ಧವೆನ್ನಬೇಕು. ಕನ್ನಡದಲ್ಲಿ ಆ ಮಾತಿಗಿರುವ ಅರ್ಥವೂ ಅನೇಕ ವೇಳೆ ಸಲ್ಲುವುದು. ನಮ್ಮದು ಅಬದ್ಧದ ಜಾತಿ. ಆದರೆ ಇದರಲ್ಲಿಯೂ, ಸಾಮಾನು ಇಳಿಸುವಾಗ ಅಂದಾಜಿನ ನೂರಕ್ಕೆ 110ಕ್ಕಿಂತ ಹೆಚ್ಚು ಹಣವನ್ನು ಕೇಳಕೂಡದೆಂದು ನಿಯಮವುಂಟು. 3,740 ಎಂದು ಬರೆದುದು ಅದಕ್ಕಾಗಿ. ಉಳಿದ ಹಣವು ಮಾಫಿಯಲ್ಲ. ಕನಿಷ್ಠ ಮೂವತ್ತು ದಿನಗಳ ವಾಯಿದೆ, ಅಷ್ಟೆ.

ತೂಕದ ದಿನ ಲಾರಿಯನ್ನು ಬರಿದಾಗಿ ಒಮ್ಮೆ, ತುಂಬಿ ಒಮ್ಮೆ ತೂಗಿದರು. 5,012 ಪೌಂಡಾಯಿತು. ಬೆಲೆ 4,260. ಏರಿದ ಭಾರವೆಲ್ಲ ಎಲ್ಲಿಂದ ಬಂದಿತೆಂಬುದನ್ನು ಬರೆಯಲು ನಮಗೆ ನಾಚಿಕೆ. ಅಂದಾಜು ಮಾಡುವವನು ಬಂದ ದಿನ ಪುಸ್ತಕಗಳನ್ನೆಲ್ಲ ಮಾರಿಬಿಡುವುದೆಂದು ಗೊತ್ತಾಗಿತ್ತು. ಅವನು ಹೋದ ಮೇಲೆ, ಆಪ್ಟೆಯವರ ಕೋಶವನ್ನೂ ಕಿಟ್ಟೆಲರ ಕೋಶವನ್ನೂ ಮಾರುವ ಮಗನನ್ನು ನಾವು ಹೆತ್ತಿಲ್ಲವೆಂದು ಹೇಳಿ, ಒಂದೊಂದಾಗಿ ಕಪಾಟುಗಟ್ಟಲೆ ಉಳಿಸಿದವರು ನಾವೇ. ಪೌಂಡಿಗೆ, ಎಂದರೆ ನಮ್ಮ ಅಜ್ಜಂದಿರ ರಾತಲಿಗೆ, 85 ಸೆಂಟಿನಂತೆ ವಿದ್ಯೆಗೂ ಬೆಲೆ ಬಿದ್ದಿತು. ಈ 85 ಸೆಂಟನ್ನು ಗೃಹಿಣಿಯರು ನೆನಪಿನಲ್ಲಿಡುವುದು ಒಳ್ಳೆಯದು. ಇಪ್ಪತ್ತು ಪೌಂಡಿನ ಅಕ್ಕಿಯ ಚೀಲವನ್ನು ಸಾಗಿಸಲು 17 ಡಾಲರು. ಅಕ್ಕಿಯನ್ನು ತಿಂದು ಮುಗಿಸಿ ಹೊರಡುವುದೇ ಲೇಸು.

ಸಾಮಾನು ಒಡೆದರೆ? ಬೇರೆ ಹಣ ಕೊಟ್ಟು ಪೂರ್ಣ ಬೆಲೆಯ ರಕ್ಷಣೆಯನ್ನು ಪಡೆಯದಿದ್ದಲ್ಲಿ, ಒಂದೊಂದು ವಸ್ತುವಿಗೂ ಪೌಂಡಿಗೆ 60 ಸೆಂಟಿನಂತೆ ಪರಿಹಾರ. ಸಾಗಿಸಲು 85, ಕಳೆದರೆ 60. ನಮ್ಮ ಗೃಹಿಣಿಯು ತೀರಿಕೊಂಡ ಮೇಲೆ ಅವಳ ವೀಣೆಯನ್ನು ಸೊಸೆಗೆ ಕೊಟ್ಟಿದ್ದೆವು. ಅದರ ತೂಕ 20 ಪೌಂಡು. ಬೆಲೆ 12 ಡಾಲರು. ದೋಸೆಯ ಹಿಟ್ಟು ರುಬ್ಬುವ ಗ್ರೈಂಡರಿಗೆ 40 ಪೌಂಡು, ಅದಕ್ಕೆ 24. ವೀಣೆಯನ್ನು ಲಾರಿಗೆ ಹಾಕಕೂಡದೆಂದು ಅಂದೇ ನಿಶ್ಚಯವಾಯಿತು. ಮೋಟಾರಿನ ಹಿಂದುಗಡೆ ಮೊಮ್ಮಗಳ ಆಸನ ಒಂದು ಕಡೆ. ವೀಣೆಯನ್ನು ಮುಂದಕ್ಕೂ ಹಿಂದಕ್ಕೂ ಓರೆಯಾಗಿ ಮಲಗಿಸಿದರೆ ಮಿಕ್ಕ ಜಾಗವೆಲ್ಲ ಅದಕ್ಕೇ ಸರಿಹೋಯಿತು. ನಾವು ರೈಲಿನಲ್ಲಿ ಹೊರಟೆವು. ಆ ವರ್ಷದ ಮೇ 21ರಂದು ಆರಂಭವಾಗಿದ್ದ ಬೋರಿಯಾಲಿಸ್ ಎಂಬ ರೈಲು ಶಿಕಾಗೊದಿಂದ ಮಿಲ್ವಾಕಿಯ ಮೇಲೆ ಹಾದು, ಲಾ ಕ್ರಾಸ್ ಎಂಬ ಊರಿನಿಂದ ಮುಂದೆ ಬಹುದೂರ ಮಿಸಿಸಿಪಿಯ ದಡದಲ್ಲಿಯೇ ಓಡಿ, ಏಳೂವರೆ ಗಂಟೆಯಲ್ಲಿ ಮಿನಿಯಾಪೊಲಿಸಿನ ಜೋಡಿ ನಗರವಾದ ಸೇಂಟ್ ಪಾಲನ್ನು ಸೇರುವುದು. ಟಿಕೀಟು 41 ಡಾಲರು. ನದಿಯು ಸಂಜೆಯ ಬಿಸಿಲಿನಲ್ಲಿ ಬಹಳ ಅಗಲವಾಗಿ ಕಾಣುತ್ತಿತ್ತು.

ತಲುಪಿದ ಮೇಲೆ ಮರೆಯಬಾರದ ಕೆಲಸಗಳು ಕೆಲವುಂಟು. ಪೌರರಲ್ಲದವರು ಸಾಮಾನ್ಯವಾಗಿ 10 ದಿನಗಳೊಳಗೆ ಹೊಸ ವಿಳಾಸವನ್ನು ಸರಕಾರಕ್ಕೆ ತಿಳಿಸಬೇಕು, ಇದಕ್ಕೆ ಶುಲ್ಕವಿಲ್ಲ. ಮಿನೆಸೋಟಕ್ಕೆ ಬಂದು ನೆಲೆಸಿದವರು 60 ದಿನಗಳೊಳಗೆ ಅಲ್ಲಿಯ ಚಾಲನೆಯ ಲೈಸೆನ್ಸನ್ನೂ ಗಾಡಿಯ ನೋಂದಣಿಯನ್ನೂ ಮಾಡಿಸಬೇಕು.

ಬಾಡಿಗೆದಾರನು ಅವಧಿಗೆ ಮುಂಚೆ ಬಿಟ್ಟರೆ, ಮನೆಯೊಡೆಯನು ಬೇರೊಬ್ಬನನ್ನು ಹುಡುಕಲು ತಕ್ಕ ಪ್ರಯತ್ನ ಮಾಡತಕ್ಕದ್ದೆಂದು ಇಲಿನಾಯ್ ಸಂಸ್ಥಾನದ ಕಾನೂನು. ಮಗನೂ ಪರಿಚಿತರಲ್ಲಿ ವಿಚಾರಿಸಿ ಒಂದು ಸಂಸಾರವನ್ನು ಒದಗಿಸಿದುದರಿಂದ ಜುಲೈ ಮಧ್ಯಕ್ಕೆ ಹಳೆಯ ಮನೆಯ ಭಾರ ಇಳಿದು 950 ಡಾಲರು ಉಳಿಯಿತು. ಲಾರಿಯವರ ಬಾಕಿ 520ನ್ನು ಆಗಸ್ಟಿನಲ್ಲಿ ತೀರಿಸಿದರು. 210 ಇದ್ದುದು 640 ಆಯಿತು. ಸೊಸೆಗೆ ಜುಲೈ, ಆಗಸ್ಟು, ಸೆಪ್ಟೆಂಬರು ಮೂರು ತಿಂಗಳೂ ಕೆಲಸ ಸಿಕ್ಕಲಿಲ್ಲ. ಅಕ್ಟೋಬರಿನಲ್ಲಿ ನಾವು ಮೈಸೂರಿಗೆ ಹಿಂದಿರುಗುವಾಗಲೂ ಸಿಕ್ಕಿರಲಿಲ್ಲ. ಹಳೆಯ ಮನೆಯ ಮುಂಗಡ 1,900 ಡಾಲರನ್ನು, ಅದು ಕೈಗೆ ಬರುವ ತನಕ ಲೆಕ್ಕಕ್ಕೆ ತರಕೂಡದೆಂದು ಹಟ ಹಿಡಿದು ಹೊರಗಿಟ್ಟಿದ್ದೆವು. ನಮ್ಮ ಲೆಕ್ಕದಲ್ಲಿ ಸರಿಯಾಗಿದ್ದ ಬಾಬು ಅದೊಂದೇ ಎನ್ನಬಹುದು. ಬಹುಪಾಲು ಬಾಡಿಗೆ ಮನೆಗಳ ಮುಂಗಡವನ್ನು 45 ದಿನಗಳೊಳಗೆ ಹಿಂದಿರುಗಿಸಬೇಕೆಂದು ಶಿಕಾಗೊ ನಗರದ ಕಟ್ಟಳೆಯಿರುವುದರಿಂದ ಅದು ಆಗಸ್ಟ್ ಕಡೆಗೆ ಬಂದಿತ್ತು. ಅದನ್ನು ಸೇರಿಸಿ 2,540. ನಾಲ್ಕನೆಯ ತಿಂಗಳಿಗೆ 2,400 ಹೋಗಿ 140 ನಿಂತಿತು. ನವೆಂಬರ್ 1ರಂದು ಸೊಸೆಯು ಹೊಸ ಕೆಲಸಕ್ಕೆ ಸೇರಿದಳು. ಆ ವರ್ಷ ಅವಳು ಧಾರವಾಡಕ್ಕೆ ಬರಲಿಲ್ಲ.

ಲಾರಿಯಿಂದ ಇಳಿಸುವಾಗ ಮೊಮ್ಮಗಳು ಓದಿಕೊಳ್ಳುವ ಪುಟ್ಟ ಮೇಜು ಮುರಿದಿದ್ದಿತು. ಪರಿಹಾರ ಕೇಳಲು ಒಂಬತ್ತು ತಿಂಗಳ ಅವಕಾಶವಿದೆಯೆಂದು ಪುಸ್ತಿಕೆಯಲ್ಲಿ ಓದಿ, ನಾವೇ ಅರ್ಜಿಯನ್ನು ಬರೆಸಿದ್ದೆವು. ಮೇಜಿನ ತೂಕ 18 ಪೌಂಡು. 10 ಡಾಲರು 80 ಸೆಂಟಿನ ಚೆಕ್ಕು ಡಿಸೆಂಬರಿನಲ್ಲಿ ಬಂದಿತೆಂದು ಮಗನು ತಿಳಿಸಿದನು. ಅದನ್ನೂ ಪುಸ್ತಕದಲ್ಲಿ ಜಮಾ ಮಾಡಿದ್ದೇವೆ.