ಮನೆಯಂಗಳದಲ್ಲಿ ಬಿಲ್ವಿದ್ಯೆ

ದಶರಥನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಸರಯೂ ನದಿಯ ದಡದಲ್ಲಿ, ಕತ್ತಲೆಯಲ್ಲಿ, ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಆತನು ಬಾಣವನ್ನು ಬಿಟ್ಟನು, ಬಿದ್ದವನು ಮುನಿಕುಮಾರ. ಅರಸನ ಕೈ ತಪ್ಪಿರಲಿಲ್ಲ, ಬಾಣವು ನೆಟ್ಟಗೆ ಹೋಗಿ ನಾಟಿತ್ತು. ತಪ್ಪಿದ್ದು ಒಂದೇ: ಬಾಣ ಹೋಗುವ ಕಡೆ ಏನಿದೆಯೆಂಬುದನ್ನು ಕಣ್ಣಾರೆ ಕಾಣದೆ ಹೆದೆಯನ್ನು ಬಿಟ್ಟುದು. ಮನೆಯಲ್ಲಿ ಬಿಲ್ವಿದ್ಯೆಯನ್ನು ಅಭ್ಯಾಸ ಮಾಡಬಯಸುವವರು ಮೊತ್ತಮೊದಲು ಕಲಿಯತಕ್ಕ ಪಾಠವು ಇದೇ ಎಂದು ನಾವು ಭಾವಿಸುತ್ತೇವೆ.

1972ರಲ್ಲಿ ಬಿಲ್ವಿದ್ಯೆಯು ಒಲಿಂಪಿಕ್ ಕ್ರೀಡೆಗಳಿಗೆ ಮರಳಿ ಬಂದಿತು. ಈಗ ಅಲ್ಲಿ ಬಿಲ್ಲಾಳು 70 ಮೀಟರು ದೂರದಲ್ಲಿ ನಿಂತು, 122 ಸೆಂಟಿಮೀಟರು ಅಗಲದ ಗುರಿಗೆ ಎಸೆಯುತ್ತಾನೆ. ಅಷ್ಟು ಬಯಲು ನಗರದ ಮನೆಗಳಲ್ಲಿ ಎಲ್ಲಿಂದ ಬರಬೇಕು? ಆದರೆ ನಿಲುವು, ಸೆಳೆತ, ಬಿಡುಗಡೆ, ಈ ಮೂರನ್ನು ಕಲಿಯುವುದಕ್ಕೆ ದೂರವು ಬೇಕಿಲ್ಲ. ಐದಾರು ಹೆಜ್ಜೆಗಳ ಅಂತರವೇ ಸಾಕು. 2020ರ ಸಾಂಕ್ರಾಮಿಕದಲ್ಲಿ ಮೈದಾನಗಳು ಮುಚ್ಚಿದ್ದಾಗ ಅನೇಕ ಬಿಲ್ಲಾಳುಗಳು ಮನೆಯಲ್ಲಿಯೇ ತಮ್ಮ ಅಭ್ಯಾಸವನ್ನು ಉಳಿಸಿಕೊಂಡರು.

ನಮ್ಮ ಅನುಭವವನ್ನೂ ಇಲ್ಲಿ ಮುಚ್ಚಿಡದೆ ಹೇಳಬೇಕು. ಕಲಿಕೆಯ ಮೊದಲ ದಿನಗಳಲ್ಲಿ, ಹಿತ್ತಿಲಿನಲ್ಲಿ ಒಂದು ಗುರಿಯನ್ನಿಟ್ಟು, ಬಿಲ್ಲನ್ನು ಮೇಲೆತ್ತಿ ಸೆಳೆಯುತ್ತಿದ್ದೆವು. ಒಂದು ಬೆಳಗ್ಗೆ ಬೆರಳು ಜಾರಿತು. ಬಾಣವು ಗೋಡೆಯನ್ನು ದಾಟಿ ಪಕ್ಕದ ಮನೆಯ ಅಂಗಳಕ್ಕೆ ಹೋಯಿತು. ಓಡಿಹೋಗಿ ನೋಡಿದರೆ, ಸಂಡಿಗೆ ಒಣಹಾಕಿದ್ದ ಪಂಚೆಯ ನಡುವೆ ಅದು ನೆಟ್ಟುನಿಂತಿತ್ತು. ಆ ಮನೆಯ ಅಜ್ಜಿ ನಮ್ಮನ್ನು ಬೈಯಲಿಲ್ಲ. "ಕಾಗೆ ಓಡಿಸಲು ಮಗುವನ್ನು ಇಲ್ಲೇ ಕೂರಿಸಿದ್ದೆ, ಈಗತಾನೆ ಒಳಗೆ ಹೋಯಿತು" ಎಂದಷ್ಟೇ ನುಡಿದರು. ಅಂದಿನಿಂದ ನಾವು ಬಿಲ್ಲನ್ನು ಮೇಲೆತ್ತಿ ಸೆಳೆದುದಿಲ್ಲ.

ಇಪ್ಪತ್ತು ಪೌಂಡು ಸೆಳೆತದ ಸಾಧಾರಣ ಬಿಲ್ಲು ಕೂಡ, ಮೇಲ್ಮುಖವಾಗಿ ಬಿಟ್ಟ ಬಾಣವನ್ನು ನೂರು ಮೀಟರಿಗೂ ಆಚೆ ಒಯ್ಯಬಲ್ಲದು. 30 ಅಡಿಗೆ 40 ಅಡಿಯ ನಮ್ಮ ನಿವೇಶನಗಳಲ್ಲಿ ಅದು ಎಷ್ಟು ಮನೆಗಳನ್ನು ದಾಟುವುದೆಂಬುದನ್ನು ಶ್ರೋತೃಗಳೇ ಲೆಕ್ಕ ಹಾಕಬಹುದು. ಆದುದರಿಂದ ತಾರಸಿಯು ಈ ಅಭ್ಯಾಸಕ್ಕೆ ತಕ್ಕ ಸ್ಥಳವೇ ಅಲ್ಲ. ಕಿಟಕಿ ಬಾಗಿಲುಗಳಿಲ್ಲದ ಎತ್ತರವಾದ ಗೋಡೆಯೊಂದನ್ನು ಆರಿಸಿಕೊಳ್ಳಬೇಕು. ಅದರ ಮುಂದೆ ಬಿಗಿಯಾಗಿ ಕಟ್ಟಿದ ಹುಲ್ಲಿನ ಹೊರೆಯನ್ನೋ, ಹಳೆಯ ಬಟ್ಟೆಗಳನ್ನು ಗಟ್ಟಿಯಾಗಿ ತುಂಬಿದ ಗೋಣಿಚೀಲವನ್ನೋ ಅಲುಗದಂತೆ ನಿಲ್ಲಿಸಬೇಕು. ಬರಿಯ ಗೋಡೆಗೆ ತಗುಲಿದ ಬಾಣವು ಪುಟಿದು ಹಿಂದಿರುಗುವುದು. ಆದಕಾರಣ ಗುರಿಯ ಸುತ್ತಲೂ ದಪ್ಪ ಜಮಖಾನೆಯೊಂದನ್ನು ಸಡಿಲವಾಗಿ ಇಳಿಬಿಡುವುದು ಒಳ್ಳೆಯದು. ಆ ಕಡೆಗೆ ತೆರೆಯುವ ಬಾಗಿಲೇನಾದರೂ ಇದ್ದರೆ ಅಗಣಿ ಹಾಕಿ, ಮನೆಯವರೆಲ್ಲರಿಗೂ ತಿಳಿಸಿಯೇ ಬಿಲ್ಲನ್ನು ಕೈಗೆತ್ತಿಕೊಳ್ಳತಕ್ಕದ್ದು.

ಇನ್ನು ಸಲಕರಣೆಯ ಮಾತು. ಹೊಸಬರಾದ ವಯಸ್ಕರಿಗೆ 18ರಿಂದ 24 ಪೌಂಡಿನ ಬಿಲ್ಲು ಸಾಕು. ಕಸುವಿಗೆ ಮೀರಿದ ಬಿಲ್ಲು ತೋಳನ್ನು ನಡುಗಿಸಿ ಗುರಿಯನ್ನು ಕೆಡಿಸುವುದು. ಪೂರ್ತಿ ಸೆಳೆದಾಗಲೂ ಬಾಣದ ಮೊನೆಯು ಬಿಲ್ಲಿನ ಮುಂದೆ ಎರಡಂಗುಲವಾದರೂ ಚಾಚಿರಬೇಕು. ಗಿಡ್ಡ ಬಾಣವು ಒಳಕ್ಕೆ ಜಾರಿ, ಬಿಟ್ಟೊಡನೆ ಬಿಲ್ಲು ಹಿಡಿದ ಕೈಗೇ ನಾಟುವುದುಂಟು. ಎಳೆ ಹರಿದ ಹೆದೆಯನ್ನೂ ಸೀಳುಬಿಟ್ಟ ಬಾಣವನ್ನೂ ಆ ಕ್ಷಣವೇ ತೆಗೆದಿಡಬೇಕು. ಕಾರ್ಬನ್ ಬಾಣವಾದರೆ ಪ್ರತಿಸಲವೂ ಮೆಲ್ಲಗೆ ಬಾಗಿಸಿ, ಕಿವಿಗೊಟ್ಟು ಪರೀಕ್ಷಿಸಬೇಕು. ಬಿರುಕಿದ್ದರೆ ಚಿಟಿಚಿಟಿ ಸದ್ದು ಕೇಳಿಬರುವುದು.

ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡುವುದು ಅನೇಕರಿಗೆ ಆಟವೆನಿಸುತ್ತದೆ. ಬಿಲ್ಲಿನಲ್ಲಿ ಕೂಡಿದ ಶಕ್ತಿಯು ಬಾಣದೊಡನೆ ಹೊರಟುಹೋಗತಕ್ಕದ್ದು. ಬಾಣವಿಲ್ಲದಿದ್ದರೆ ಅದು ಬಿಲ್ಲಿಗೇ ತಿರುಗಿಬಿದ್ದು ಅದನ್ನು ಸೀಳಬಹುದು, ಚೂರುಗಳು ಕಣ್ಣಿಗೆ ಸಿಡಿಯಬಹುದು. ಮಳೆಗಾಲದಲ್ಲಿ ಪಡಸಾಲೆಯಲ್ಲಿಯೇ ಅಭ್ಯಾಸ ಮಾಡುವವರಿಗೆ ರಬ್ಬರಿನ ಪಟ್ಟಿಯೊಂದು ಸಾಕು. ಕನ್ನಡಿಯ ಮುಂದೆ ನಿಂತು ಅದನ್ನು ಸೆಳೆದು, ಹತ್ತೆಣಿಸಿ, ಮೆಲ್ಲಗೆ ಸಡಿಲಿಸಿದರೆ ಬೆನ್ನಿನ ಸ್ನಾಯುಗಳು ತಮ್ಮ ಕೆಲಸವನ್ನು ಕಲಿಯುತ್ತವೆ.

ಇಬ್ಬರು ಮೂವರು ಕೂಡಿದಾಗ ನೆಲದ ಮೇಲೆ ಒಂದು ಗೆರೆಯನ್ನೆಳೆದು, ಬಿಲ್ಲು ಕೈಯಲ್ಲಿರುವಾಗ ಯಾರೂ ಅದನ್ನು ದಾಟಬಾರದೆಂದು ಕಟ್ಟುಮಾಡಿಕೊಳ್ಳಬೇಕು. ಸ್ಪರ್ಧೆಗಳಲ್ಲಿ ಎರಡು ಸಿಳ್ಳೆಗೆ ಗೆರೆಯ ಬಳಿಗೆ ಬರುವುದು, ಒಂದಕ್ಕೆ ಬಾಣ ಬಿಡುವುದು, ಮೂರಕ್ಕೆ ಬಾಣಗಳನ್ನು ತರಲು ಹೋಗುವುದು ವಾಡಿಕೆ. ಮನೆಯಲ್ಲಿಯೂ ಇದನ್ನೇ ಪಾಲಿಸಬಹುದು. ಬಾಣವನ್ನು ಕೀಳುವಾಗ ಒಂದು ಕೈಯಿಂದ ಗುರಿಯನ್ನು ಒತ್ತಿಹಿಡಿದು, ಹಿಂದೆ ಯಾರೂ ಇಲ್ಲವೆಂದು ನೋಡಿಯೇ ಎಳೆಯಬೇಕು. ಥಟ್ಟನೆ ಹೊರಬಂದ ಬಾಣದ ಹಿಂತುದಿಯೂ ಕಣ್ಣಿಗೆ ಶತ್ರುವೇ. ಮಕ್ಕಳ ಕೈಗೆ ಬಿಲ್ಲನ್ನು ಕೊಟ್ಟ ಹಿರಿಯರು ಆ ಜಾಗವನ್ನು ಬಿಟ್ಟು ಕದಲಬಾರದು.

ದ್ರೋಣರು ಕೇಳಿದಾಗ, ಹಕ್ಕಿಯ ತಲೆಯ ಹೊರತು ತನಗೆ ಬೇರೇನೂ ಕಾಣುತ್ತಿಲ್ಲವೆಂದು ಅರ್ಜುನನು ಹೇಳಿದನಂತೆ. ಆ ಏಕಾಗ್ರತೆಯು ಶ್ಲಾಘ್ಯವೇ. ಆದರೆ ಗೃಹಸ್ಥನಾದ ಬಿಲ್ಲಾಳು ಮೊದಲು ಮರವನ್ನೂ, ಕೊಂಬೆಯನ್ನೂ, ಅದರಾಚೆಯ ಗೋಡೆಯನ್ನೂ, ಗೋಡೆಯಾಚೆಯ ಅಂಗಳವನ್ನೂ ಚೆನ್ನಾಗಿ ನೋಡಿರಬೇಕು. ಹಾಗೆ ನೋಡಿ ನಿಶ್ಚಿಂತನಾದ ಮೇಲೆ ಹಕ್ಕಿಯ ತಲೆಯನ್ನಷ್ಟೇ ನೋಡುವ ಅಧಿಕಾರ ಅವನಿಗೆ ಬರುತ್ತದೆ.