ಒದ್ದೆಯಾದ ಸರಕಿಗೆ ಹೊಣೆ ಯಾರು?

ಹಡಗು, ದೋಣಿ ಅಥವಾ ಸರಕಿಗೆ ಆದ ಹಾನಿಯ ಕಾರಣವನ್ನೂ ಮೊತ್ತವನ್ನೂ ಪರಿಶೀಲಿಸಿ ವರದಿ ಕೊಡುವವರು ಮರೈನ್ ಸರ್ವೇಯರ್‌ಗಳು. 1938ರ ವಿಮಾ ಕಾಯ್ದೆಯ ಪ್ರಕಾರ ನಿಗದಿತ ಮೊತ್ತ ಮೀರಿದ ಕ್ಲೇಮುಗಳಿಗೆ ಪರವಾನಗಿ ಪಡೆದ ಸರ್ವೇಯರ್ ವರದಿ ಬೇಕು. ಮುಂಬೈ ಬಂದರು, ನ್ಹಾವಾ ಶೇವಾದ ಕಂಟೇನರ್ ಯಾರ್ಡು, ಭಿವಂಡಿಯ ಗೋದಾಮು, ಸಸೂನ್ ಡಾಕಿನ ಮೀನುಗಾರಿಕೆ ದೋಣಿ: ಕೆಲಸ ಎಲ್ಲೆಡೆ ಇದೆ.

ಕಾರಣ ಹುಡುಕುವುದೇ ನಿಜವಾದ ಕಷ್ಟ. ಕಂಟೇನರಿನಲ್ಲಿ ಚೀಲಗಳು ಒದ್ದೆಯಾಗಿದ್ದರೆ ಆ ನೀರು ಕಡಲಿನದೋ, ಮಳೆಯದೋ, ಒಳಗೇ ಹನಿಗಟ್ಟಿದ ತೇವವೋ? ಸರ್ವೇಯರ್ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಬಿಡುತ್ತಾರೆ. ಹಾಲಿನಂತೆ ಬೆಳ್ಳಗಾದರೆ ಉಪ್ಪಿನ ಅಂಶವಾದ ಕ್ಲೋರೈಡ್ ಇದೆ, ಕಡಲನೀರಿನ ಶಂಕೆ ಬಲವಾಯಿತು. ಸರಕಿನಲ್ಲೇ ಉಪ್ಪಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಆಗ ಕಂಟೇನರಿನ ಬಾಗಿಲು ಮುಚ್ಚಿ ಒಳಗೆ ನಿಂತು, ತಗಡಿನ ತೂತಿನಿಂದ ಬೆಳಕು ಬರುತ್ತದೆಯೇ ಎಂದು ನೋಡಬೇಕು.

1963ರ ಸಾಗರ ವಿಮಾ ಕಾಯ್ದೆಯಡಿ, ಪಾಲಿಸಿಯಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಸಾಮಾನ್ಯ ಸವೆತಕ್ಕೂ ಸರಕಿನ ಸಹಜ ಗುಣದಿಂದಾದ ಕೆಡುಕಿಗೂ ಪರಿಹಾರವಿಲ್ಲ. ಹೀಗಾಗಿ ವರದಿಯ ಒಂದು ಸಾಲು ಸಣ್ಣ ಆಮದುದಾರನ ಪಾಲಿಗೆ ಬಹಳ ದೊಡ್ಡದು. ಹಾನಿ ಕಂಡ ಕೂಡಲೇ ವಿಮಾ ಕಂಪನಿಗೆ ತಿಳಿಸಿ, ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಟ್ಟು, ಪ್ಯಾಕಿಂಗನ್ನೂ ಸೀಲನ್ನೂ ಹಾಗೆಯೇ ಉಳಿಸಿಕೊಳ್ಳಬೇಕು.

2010ರ ಆಗಸ್ಟ್ 7ರಂದು ಮುಂಬೈ ಬಳಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ-3 ಹಡಗುಗಳು ಡಿಕ್ಕಿಯಾದಾಗ ನೂರಾರು ಕಂಟೇನರ್‌ಗಳು ನೀರಿಗುರುಳಿ, ತೈಲ ಸೋರಿತು. ಇಂಥ ಅವಘಡದಲ್ಲಿ ಹಡಗಿನ ಒಡಲು, ಸರಕು, ಮಾಲಿನ್ಯ ಮೂರಕ್ಕೂ ಬೇರೆ ಬೇರೆ ವಿಮೆಗಳಿರುತ್ತವೆ. ಪ್ರತಿಯೊಂದಕ್ಕೂ ಪ್ರತ್ಯೇಕ ತಪಾಸಣೆ ನಡೆಯುತ್ತದೆ.