ಹಾರ್ಮೋನಿಯಂ ಒಂದೇ ಇರಬೇಕು!

ಗುಬ್ಬಿ ವೀರಣ್ಣನವರ ತಾಲ್ಲೂಕು ನಮ್ಮದು. ನಿಟ್ಟೂರಿನ ಸುತ್ತಮುತ್ತ ಈಗಲೂ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಕೃಷ್ಣ, ಭೀಮ, ದುರ್ಯೋಧನ ಎಲ್ಲರೂ ಹಾಡುವವರೇ. ಹಾಗಂತ ಯಾರೂ ಮನೆಯಿಂದ ಹಾರ್ಮೋನಿಯಂ ಹೊತ್ತು ತರುವುದಿಲ್ಲ. ಇರುವ ಒಂದಕ್ಕೇ ಎಲ್ಲರ ಶ್ರುತಿ ಕೂಡಬೇಕು.

ಜಾವಾಸ್ಕ್ರಿಪ್ಟ್‌ನಲ್ಲಿ ‘ಪಿಯರ್ ಡಿಪೆಂಡೆನ್ಸಿ’ ಎಂದರೆ ಹೆಚ್ಚುಕಡಿಮೆ ಇದೇ. ‘ರಿಯಾಕ್ಟ್ ನನಗೆ ಬೇಕು. ಆದರೆ ನನ್ನದೇ ಒಂದನ್ನು ತರುವುದಿಲ್ಲ, ನಿಮ್ಮ ಪ್ರಾಜೆಕ್ಟ್‌ನಲ್ಲಿರುವುದನ್ನೇ ಬಳಸುತ್ತೇನೆ. ಅದು 18ನೇ ಆವೃತ್ತಿ ಆಗಿರಲಿ’ ಎನ್ನುತ್ತದೆ ಪ್ಯಾಕೇಜ್. ಒಂದರ ಜಾಗದಲ್ಲಿ ಎರಡು ರಿಯಾಕ್ಟ್ ಸೇರಿಕೊಂಡರೆ ‘ಇನ್‌ವ್ಯಾಲಿಡ್ ಹುಕ್ ಕಾಲ್’ ಎಂಬ ಎರರ್ ಬಂದು ಪುಟವೇ ತೆರೆಯದಿರಬಹುದು.

ಮಿನಿ ಪ್ರಾಜೆಕ್ಟ್‌ಗೆಂದು ನಾವು ನಾಲ್ವರು ಗೆಳೆಯರು ತಿಪಟೂರು ಎಪಿಎಂಸಿಯ ಕೊಬ್ಬರಿ ಧಾರಣೆಯನ್ನು ಗ್ರಾಫ್‌ನಲ್ಲಿ ತೋರಿಸುವ ವೆಬ್‌ಸೈಟ್ ಮಾಡುತ್ತಿದ್ದೆವು. ತೆಂಗು ನಂಬಿದ ಮನೆಗಳಿಗೆ ಆ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದೇ ದೊಡ್ಡ ಸುದ್ದಿ. ನಮ್ಮಲ್ಲಿದ್ದದ್ದು ರಿಯಾಕ್ಟ್ 19, ಗ್ರಾಫ್ ಬಿಡಿಸುವ ಪ್ಯಾಕೇಜ್ ಕೇಳಿದ್ದು 18. ನನ್ನ ಲ್ಯಾಪ್‌ಟಾಪ್‌ನಲ್ಲಿ ‘ಇ-ರಿಸಾಲ್ವ್’ ಎಂಬ ಎರರ್ ಬಂದು ಇನ್‌ಸ್ಟಾಲ್ ನಿಂತುಹೋಯಿತು. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಅದೇ ಕೋಡ್ ಸಲೀಸಾಗಿ ಇನ್‌ಸ್ಟಾಲ್ ಆಯಿತು, ಆದರೆ ಗ್ರಾಫ್ ಇರಬೇಕಾದ ಜಾಗ ಖಾಲಿ!

ಹುಡುಕಿದಾಗ ಸಿಕ್ಕಿದ್ದು ಒಂದು ಸೆಟ್ಟಿಂಗ್. ಹಿಂದಿನ ಯಾವುದೋ ಪ್ರಾಜೆಕ್ಟ್‌ಗೆಂದು ಅವನ ಲ್ಯಾಪ್‌ಟಾಪ್‌ನಲ್ಲಿ ‘ಲೆಗಸಿ-ಪಿಯರ್-ಡೆಪ್ಸ್’ ಕಾಯಂ ಆಗಿ ಆನ್ ಆಗಿತ್ತು. ಈ ಹೆಸರಿಗೆ ಒಂದು ಇತಿಹಾಸವಿದೆ. 2015ರ ಎನ್‌ಪಿಎಂ 3ರಿಂದ 6ರವರೆಗೆ ಶ್ರುತಿ ಕೂಡದಿದ್ದರೂ ಬರೀ ಎಚ್ಚರಿಕೆ ಬರುತ್ತಿತ್ತು, ಕೆಲಸ ನಿಲ್ಲುತ್ತಿರಲಿಲ್ಲ. 2020ರಲ್ಲಿ ಬಂದ ಎನ್‌ಪಿಎಂ 7, ಪಿಯರ್‌ಗಳನ್ನು ತಾನೇ ಇನ್‌ಸ್ಟಾಲ್ ಮಾಡುತ್ತದೆ. ಹೊಂದದಿದ್ದರೆ ತಡೆಯುತ್ತದೆ. ಆ ಸೆಟ್ಟಿಂಗ್ ಹಳೆಯ ಕಾಲಕ್ಕೆ ಮರಳಿಸುತ್ತದೆ, ಅಷ್ಟೇ.

ಆದರೆ ಎರರ್ ಸುಳ್ಳು ಹೇಳಿರಲಿಲ್ಲ. ಫಂಕ್ಷನ್ ಕಾಂಪೊನೆಂಟ್‌ಗಳಿಗಿದ್ದ ‘ಡಿಫಾಲ್ಟ್ ಪ್ರಾಪ್ಸ್’ ಸೌಲಭ್ಯವನ್ನು ರಿಯಾಕ್ಟ್ 19 ತೆಗೆದುಹಾಕಿದೆ. ನಮ್ಮ ಪ್ಯಾಕೇಜ್ ಗ್ರಾಫ್‌ನ ಅಗಲ, ಎತ್ತರಕ್ಕೆ ನೆಚ್ಚಿಕೊಂಡಿದ್ದು ಅದನ್ನೇ.

ಹಾಗಾದರೆ ಏನು ಮಾಡಬೇಕು? ಮೊದಲು ಎರರ್ ಓದಿ. ‘ಫೌಂಡ್’ ಎಂದಿರುವ ಕಡೆ ನಮ್ಮಲ್ಲಿರುವ ಆವೃತ್ತಿ, ‘ಪಿಯರ್’ ಎಂದಿರುವ ಕಡೆ ಕೇಳಿದ ಆವೃತ್ತಿ ಮತ್ತು ಕೇಳಿದವರ ಹೆಸರು ಇರುತ್ತದೆ. ‘ಎನ್‌ಪಿಎಂ ಎಲ್ಎಸ್ ರಿಯಾಕ್ಟ್’ ಎಂಬ ಕಮಾಂಡ್ ಕೊಟ್ಟರೆ ಪ್ರಾಜೆಕ್ಟ್‌ನಲ್ಲಿ ಎಷ್ಟು ರಿಯಾಕ್ಟ್ ಇವೆ ಎಂದು ಗೊತ್ತಾಗುತ್ತದೆ. ಹೊಂದದ್ದರ ಪಕ್ಕ ‘ಇನ್‌ವ್ಯಾಲಿಡ್’ ಎಂದಿರುತ್ತದೆ. ‘ಎನ್‌ಪಿಎಂ ಎಕ್ಸ್‌ಪ್ಲೇನ್ ರಿಯಾಕ್ಟ್’ ಅದನ್ನು ಕೇಳಿದವರು ಯಾರೆಂದು ತಿಳಿಸುತ್ತದೆ. ಆಮೇಲೆ ಪ್ಯಾಕೇಜ್‌ನ ಹೊಸ ಆವೃತ್ತಿ ಇದೆಯೇ ನೋಡಿ. ಇಲ್ಲದಿದ್ದರೆ ರಿಯಾಕ್ಟ್‌ಅನ್ನೇ ಒಂದು ಮೆಟ್ಟಿಲು ಇಳಿಸಿ. ನಮಗೆ 19ಕ್ಕೆ ಹೊಂದುವ ಹೊಸ ಆವೃತ್ತಿಯೇ ಸಿಕ್ಕಿತು.

‘ಮಗಾ, ಕಮಾಂಡ್ ಕೊನೆಗೆ ಫೋರ್ಸ್ ಅಂತ ಸೇರಿಸು, ಆಗುತ್ತೆ’ ಎನ್ನುವ ಗೆಳೆಯರು ಎಲ್ಲ ಹಾಸ್ಟೆಲ್‌ನಲ್ಲೂ ಇರುತ್ತಾರೆ. ಇನ್‌ಸ್ಟಾಲ್ ಏನೋ ಆಗುತ್ತದೆ. ಆದರೆ ಡೆವಲಪರ್ ಮುಂದೆ ಬರಬೇಕಿದ್ದ ಎರರ್, ಕೊಬ್ಬರಿ ಮಾರಲು ಹೊರಟ ರೈತನ ಮೊಬೈಲ್‌ನಲ್ಲಿ ಖಾಲಿ ಪುಟವಾಗಿ ಕಾಣಿಸಿಕೊಳ್ಳುತ್ತದೆ. ಅವರಿಗೆ ಅದನ್ನು ಓದಿ ಸರಿಮಾಡಲು ಬರುವುದಿಲ್ಲ, ನಮಗೆ ಬರುತ್ತದೆ.